ಕೇದಗೆ ಸೆಂಟು ಮತ್ತು ನನ್ನ ಉದ್ದ ಜಡೆ

ದೊಡ್ಡ ಕಂಪನಿಯ ಸ್ನೋ, ಪೌಡರು, ಸೆಂಟುಗಳನ್ನು ಯಾರು ಬೇಕಾದರೂ ಕೊಂಡು ತರಬಹುದು. ಅದರಲ್ಲೇನು ಹೆಚ್ಚುಗಾರಿಕೆ? ಯಾರೂ ಹೆಸರು ಕೇಳಿರದ, ಯಾರದೋ ಹಿತ್ತಿಲಿನ ಶೆಡ್ಡಿನಲ್ಲಿ ತಯಾರಾಗುವ, ಮೈದಾ ಅಂಟಿನಲ್ಲಿ ಲೇಬಲ್ಲು ಮೆತ್ತಿದ ಸೀಸೆಯನ್ನು ಪತ್ತೆ ಹಚ್ಚಿ ತರಬೇಕು. ಆ ವಿದ್ಯೆ ನನಗೆ ಒಲಿದಿತ್ತು. ಎಪ್ಪತ್ತರ ದಶಕದ ಆ ದಿನಗಳಲ್ಲಿ ಬಸವೇಶ್ವರನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ. ಆದರೂ ನಮ್ಮ ಬೀದಿಯ ಹೆಂಗಸರ ಮುಖಕ್ಕೆ ಯಾವ ಸ್ನೋ, ತಲೆಗೆ ಯಾವ ಎಣ್ಣೆ ಎಂದು ತೀರ್ಮಾನಿಸುವ ಗುರುತರ ಜವಾಬ್ದಾರಿಯನ್ನು ನಾನೊಬ್ಬಳೇ ಹೊತ್ತಿದ್ದೆ. ಯಾರೂ ಹೊರಿಸಿರಲಿಲ್ಲ!

ನನ್ನ ಯಜಮಾನರಿಗೆ ಮಾತ್ರ ಈ ಸಾಧನೆಯ ಬೆಲೆ ತಿಳಿಯಲಿಲ್ಲ. ಮಾಗಡಿ ರಸ್ತೆಯ ಕಡೆಯಿಂದ ಪತ್ತೆ ಮಾಡಿ ತಂದ ಸ್ನೋ ಹಚ್ಚಿಕೊಂಡು ಎದುರು ನಿಂತರೆ, "ಕರೆಂಟು ಹೋದಾಗ ಹೀಗೆ ಬಂದು ನಿಲ್ಬೇಡ ಕಣೇ, ನನ್ನ ಹಾರ್ಟು ವೀಕು" ಎಂದರು.

ನನ್ನ ಶೋಧನೆಗಳಲ್ಲೆಲ್ಲ ಶ್ರೇಷ್ಠವಾದದ್ದು ರಾಜಾಜಿನಗರದ ಒಬ್ಬ ನಿವೃತ್ತ ಕಾಂಪೌಂಡರು. ಅವರು ಮನೆಯಲ್ಲೇ ಕೇಶತೈಲ ಕಾಯಿಸುತ್ತಿದ್ದರು, ಸೆಂಟು ಬೆರೆಸುತ್ತಿದ್ದರು. ಎರಡನ್ನೂ ಹಳೆಯ ಔಷಧದ ಸೀಸೆಗಳಿಗೇ ತುಂಬುತ್ತಿದ್ದರಿಂದ ಪಕ್ಕದಲ್ಲಿ ಡೋಸಿನ ಗೆರೆಗಳು ಹಾಗೇ ಇದ್ದವು. ಆ ಎಣ್ಣೆಯ ಮೇಲೆ ನನಗೆ ಅಪಾರ ನಂಬಿಕೆ. ಫಲ ಬರುವ ತನಕ ತಾತ್ಕಾಲಿಕ ವ್ಯವಸ್ಥೆ ಇರಲಿ ಎಂದು ನನ್ನ ಪುಟ್ಟ ಜಡೆಗೆ ಸೊಂಟ ಮುಟ್ಟುವ ಚೌರಿಯೊಂದನ್ನು ಸೇರಿಸಿಕೊಂಡೆ. ಪಕ್ಕದ ಮನೆಯ ಕಮಲಮ್ಮ ಅದನ್ನು ನೋಡಿ ಬಾಯಿ ಬಿಟ್ಟರು. "ಏನ್ರೀ ಇದು, ಆ ಎಣ್ಣೆದಾ?" ಎಂದರು. ನಾನು ಹೌದು ಎನ್ನಲಿಲ್ಲ. ಸುಮ್ಮನೆ ನಕ್ಕೆ. ವಾರ ಕಳೆಯುವುದರೊಳಗೆ ಬೀದಿಯ ಹೆಂಗಸರೆಲ್ಲ ಅದೇ ಎಣ್ಣೆ ಹಚ್ಚತೊಡಗಿದರು!

ಚೌರಿಯ ಗುಟ್ಟು ಮನೆಯಾಚೆ ಯಾರಿಗೂ ಗೊತ್ತಿರಲಿಲ್ಲ. ದಿನಾ ಅದನ್ನು ನನ್ನ ತಲೆಗೆ ಸೇರಿಸಿ ಹೆಣೆಯುತ್ತಿದ್ದವಳು ಗಿರಿಜಾ, ಯಜಮಾನರ ತಂಗಿ. ತಾಯಿ ಇಲ್ಲದ ಹುಡುಗಿ. ನಾನು ಮದುವೆಯಾಗಿ ಬಂದ ದಿನ ಲಂಗ ತೊಟ್ಟು ಬಾಗಿಲ ಮರೆಯಲ್ಲಿ ನಿಂತಿದ್ದವಳು, ಅಂದಿನಿಂದ ನನ್ನ ಸೆರಗು ಬಿಟ್ಟಿರಲಿಲ್ಲ. ನನಗೂ ಅವಳೆಂದರೆ ಪ್ರಾಣ. ಆ ಪ್ರಾಣವನ್ನೇ ನಾನು ಹಿಂಡುತ್ತಿದ್ದೆ ಎನ್ನುವುದು ಬೇರೆ ಮಾತು. ಹಿಂದಿನ ಸಲ ಅವಳನ್ನು ನೋಡಲು ಬಂದವರ ಎದುರಿಗೆ ನನ್ನದೊಂದು ಹೊಸ ಅರಿಶಿನದ ಲೇಪ ಹಚ್ಚಿ ಕೂರಿಸಿದ್ದೆ. ಹುಡುಗನ ಸೋದರಮಾವ ಯಜಮಾನರನ್ನು ಪಕ್ಕಕ್ಕೆ ಕರೆದು, "ಹುಡುಗಿಗೆ ಕಾಮಾಲೆ ಎಷ್ಟು ದಿನದಿಂದ?" ಎಂದು ವಿಚಾರಿಸಿದರು. ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಎಂದು ಹೋದವರು ಕಾಗದ ಬರೆಯಲೇ ಇಲ್ಲ.

ಈ ಸಲದ ಹುಡುಗ ಮಹೇಶ. ಜೂನಿಯರ್ ಇಂಜಿನಿಯರು, ವಿಜಯನಗರದಲ್ಲಿ ರೂಮು, ತಂದೆತಾಯಿ ದಾವಣಗೆರೆಯಲ್ಲಿ. ಶಿಶುವಿಹಾರದಲ್ಲಿ ಪಾಠ ಹೇಳುತ್ತಿದ್ದ ಗಿರಿಜಾ ಅವನನ್ನು ದಿನಾ ಬಸ್ಸಿನಲ್ಲಿ ನೋಡುತ್ತಿದ್ದಳು. ಅವನೂ ನೋಡುತ್ತಿದ್ದ. ಮಾತಾಡಿರಲಿಲ್ಲ, ಆದರೆ ಮನೆಯವರಿಗೆ ಹೇಳಿ ಹಿರಿಯರ ಮೂಲಕವೇ ಹೆಣ್ಣು ಕೇಳಿಸಿದ್ದ.

"ಅತ್ತಿಗೆ, ಕೈ ಮುಗೀತೀನಿ. ಈ ಸಲ ಏನೂ ಕಂಡುಹಿಡೀಬೇಡಿ" ಎಂದಳು ಗಿರಿಜಾ. "ಇವರು ನನಗೆ ತುಂಬಾ ಇಷ್ಟ. ನನಗೆ ಏನೂ ಹಚ್ಬೇಡಿ."

"ನಿನಗೆ ಹಚ್ಚಲ್ಲ ಕಣೇ. ನಿನ್ನಾಣೆ!"

ಮಾತಿಗೆ ತಪ್ಪುವವಳಲ್ಲ ನಾನು. ಹುಡುಗಿಗೆ ಹಚ್ಚುವುದಿಲ್ಲ ಎಂದಿದ್ದೆ. ಮನೆಗೆ ಹಚ್ಚುವುದಿಲ್ಲ ಎಂದಿರಲಿಲ್ಲ!

ಭಾನುವಾರ, ಬೀಗರು ಬರುವ ಹೊತ್ತು. ಗಿರಿಜಾ ಒಳಗೆ ಸೀರೆ ಉಡುತ್ತಿದ್ದಳು. ಕಾಂಪೌಂಡರ ಹೊಚ್ಚಹೊಸ ಕೇದಗೆ ಸೆಂಟಿನ ಸೀಸೆ ಹಿಡಿದು ನಾನು ಹಾಲಿಗೆ ಬಂದೆ. ಪರದೆಗೆ ಒಂದು ಹನಿ, ದಿಂಬಿಗೆ ಒಂದು ಹನಿ, ಅಷ್ಟೇ ನನ್ನ ಯೋಜನೆ. ಬಿರಡೆ ಬರಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದೆ. ಬಂತು! ಬಿರಡೆ ನನ್ನ ಬಾಯಿಗೆ, ಸೆಂಟು ಪೂರ್ತಿ ಸೋಫಾದ ಕೆಳಗಿನ ಚಾಪೆಗೆ!

ಬಟ್ಟೆ ಹಿಡಿದು ಸೋಫಾದ ಅಡಿಗೆ ತೆವಳಿ ಉಜ್ಜಿದೆ. ಉಜ್ಜಿದಷ್ಟೂ ಘಮ ಏರಿತು. ಅಷ್ಟರಲ್ಲಿ ಗೇಟಿನ ಬಳಿ ಆಟೋ ನಿಂತ ಸದ್ದು. ಗಡಬಡಿಸಿ ಎದ್ದು ತಲೆ ತುಂಬ ಸೆರಗು ಹೊದ್ದು ಬಾಗಿಲಿಗೆ ಓಡಿದೆ. ತಲೆ ಯಾಕೋ ಹಗುರಾದ ಹಾಗಿತ್ತು. ಸಂತೋಷಕ್ಕಿರಬೇಕು ಅಂದುಕೊಂಡೆ.

ಮಹೇಶ, ಅವನ ತಂದೆ, ತಾಯಿ ಒಳಗೆ ಬಂದು ಸೋಫಾದಲ್ಲಿ ಕುಳಿತರು. ತಾಯಿ ಮೂಗರಳಿಸಿದರು. "ಏನ್ರೀ ಇದು, ಕೇದಗಿ ವಾಸನಿ ಈ ಪರಿ ಹೊಡೀತೈತಿ?"

ಗಿರಿಜಾ ಬಾಗಿಲ ಹಿಂದೆಯೇ ನಿಂತಿದ್ದಾಳೆ, ಸೆಂಟು ಎಂದರೆ ನನ್ನ ಕಥೆ ಮುಗಿಯಿತು. "ಹಿತ್ತಲಲ್ಲಿ ಕೇದಗೆ ಪೊದೆ ಇದೆ!" ಎಂದೆ. ನಮ್ಮ ಹಿತ್ತಲಲ್ಲಿ ಇದ್ದದ್ದು ಒಂದು ನುಗ್ಗೆ ಮರ.

"ಶಿವನೇ! ಕೇದಗಿ ಇದ್ದಲ್ಲಿ ಹಾವು ಇರ್ತಾವಲ್ರೀ!" ಆಕೆ ಎರಡೂ ಕಾಲುಗಳನ್ನು ಸೋಫಾದ ಮೇಲಕ್ಕೆ ಎಳೆದುಕೊಂಡರು.

ಅವರಿಗೆ ಧೈರ್ಯ ತುಂಬುವುದು ಮನೆಯೊಡತಿಯಾದ ನನ್ನ ಕರ್ತವ್ಯವಲ್ಲವೇ? "ಹೆದರ್ಕೋಬೇಡಿ. ನಮ್ಮನೆ ಹಾವು ಯಾರಿಗೂ ಏನೂ ಮಾಡಲ್ಲ. ಬಂದ ದಾರೀಲೇ ಹೋಗ್ತವೆ!"

ಯಜಮಾನರು ನನ್ನನ್ನು ಅಂಥ ಕಣ್ಣಿನಿಂದ ಹಿಂದೆಂದೂ ನೋಡಿರಲಿಲ್ಲ. "ತಮಾಷೆಗೆ ಹೇಳ್ತಾಳೆ, ಕಾಲು ಕೆಳಗಿಡಿ ತಾಯಿ" ಎಂದು ಬೇಡಿಕೊಂಡರು. ಆಕೆ ಅನುಮಾನದಿಂದಲೇ ಒಂದು ಕಾಲು ಇಳಿಸಿದರು. ಸೋಫಾದ ಅಡಿಯಿಂದ ತುದಿ ಹೊರಗೆ ಚಾಚಿಕೊಂಡಿದ್ದ ತಣ್ಣನೆಯ, ನುಣ್ಣನೆಯ, ಕರಿಯ ವಸ್ತುವೊಂದು ಪಾದಕ್ಕೆ ತಗುಲಿತು.

"ಹಾವು!"

ಆಕೆ ಸೋಫಾದ ಮೇಲೆ ಎದ್ದು ನಿಂತರು. ಆಕೆಯ ಪತಿ ಕುರ್ಚಿ ಹತ್ತಿದರು. ನನ್ನ ಯಜಮಾನರು ಪರದೆಯೊಳಗೆ ಸುತ್ತಿಕೊಂಡರು. ಕೂಗಿಗೆ ಕಮಲಮ್ಮ ಮತ್ತು ಬೀದಿಯ ಅರ್ಧದಷ್ಟು ಹೆಂಗಸರು ಕಿಟಕಿಗೆ ಬಂದು ನಿಂತರು. ಆಗ ಉಪ್ಪಿಟ್ಟಿನ ತಟ್ಟೆ ಹಿಡಿದು ಗಿರಿಜಾ ಹೊರಗೆ ಬಂದಳು. ನೆಲ ನೋಡಿದಳು. ಸೆರಗು ಹೊದ್ದ ನನ್ನ ತಲೆ ನೋಡಿದಳು. ಮಿಕ್ಕವರಿಗೆ ಹೊಳೆಯದ್ದು ಅವಳಿಗೆ ಹೊಳೆಯಿತು. ನನಗೂ ಆಗಲೇ ಹೊಳೆದದ್ದು!

ತಟ್ಟೆಯನ್ನು ಮಹೇಶನ ಕೈಗಿತ್ತು, ಅವಳು ಬಗ್ಗಿ ನನ್ನ ಚೌರಿಯನ್ನು ಬರಿಗೈಯಲ್ಲಿ ಹಿಡಿದು ಸೆರಗಿನಲ್ಲಿ ಸುತ್ತಿಕೊಂಡಳು. "ಹಿತ್ತಲಿಗೆ ಬಿಟ್ಟು ಬರ್ತೀನಿ" ಎಂದು ಶಾಂತವಾಗಿ ನಡೆದಳು. ನನ್ನ ಮಾನ ಉಳಿಯಿತು! ನನ್ನ ಚಿನ್ನದಂಥ ಹುಡುಗಿ!

"ನಡೀರಿ ಹೋಗೋಣ" ಎಂದು ಹುಡುಗನ ತಾಯಿ ಸೋಫಾದಿಂದ ಇಳಿದರು. "ಬರಿಗೈಲೆ ಹಾವು ಹಿಡಿಯೋ ಹುಡುಗಿ ನಮಗ ಬ್ಯಾಡ. ನಾಳೆ ಅಡಿಗಿಮನ್ಯಾಗ ತಂದಿಟ್ಟುಕೊಂಡ್ರೆ ಏನು ಮಾಡೋದು?"

ಮಹೇಶ "ಅವ್ವಾ, ಸ್ವಲ್ಪ ಇರು" ಎಂದ. ಆಕೆ ಕೇಳಲಿಲ್ಲ. ಹಿತ್ತಿಲ ಬಾಗಿಲಲ್ಲಿ ಗಿರಿಜಾ ನಿಂತಿದ್ದಳು. ಕಣ್ಣು ತುಂಬಿತ್ತು. ಒಂದೇ ಒಂದು ಮಾತು ಹೇಳಿದ್ದರೆ ಅವಳ ಸಂಬಂಧ ಉಳಿಯುತ್ತಿತ್ತು. ಹೇಳಲಿಲ್ಲ. ಕಿಟಕಿಯಲ್ಲಿದ್ದ ಹೆಂಗಸರನ್ನು ನೋಡಿ ತುಟಿ ಕಚ್ಚಿಕೊಂಡಳು. ಥೂ, ನನ್ನ ಜಡೆಗಿಷ್ಟು ಬೆಂಕಿ ಬೀಳಲಿ ಎನಿಸಿತು.

"ನಿಲ್ಲಿ!" ಎಂದು ಬಾಗಿಲಿಗೆ ಅಡ್ಡ ನಿಂತೆ. "ಅದು ಹಾವಲ್ಲ. ನನ್ನ ಜಡೆ!"

ಕುರ್ಚಿಯ ಮೇಲಿಂದಲೇ ಹುಡುಗನ ತಂದೆ ನ್ಯಾಯವಾದ ಪ್ರಶ್ನೆ ಕೇಳಿದರು. "ನಿಮ್ಮ ಜಡಿ ಸೋಫಾದ ಕೆಳಗ ಯಾಕ ಹೋಗಿತ್ರೀ?"

ಸೆರಗು ಸರಿಸಿ, ಸಭೆಗೆ ಬೆನ್ನು ತಿರುಗಿಸಿ ನಿಂತೆ. ಹಿಂದೆ ಇಲಿಯ ಬಾಲದಷ್ಟು ಉದ್ದದ ನನ್ನ ಸ್ವಂತ ಆಸ್ತಿ ನೇತಾಡುತ್ತಿತ್ತು. ಕೇದಗೆ ಪೊದೆಯೂ ಸುಳ್ಳು, ಸೆಂಟು ಚೆಲ್ಲಿದ್ದು ನಿಜ ಎಂದು ಎಲ್ಲವನ್ನೂ ಒಪ್ಪಿಸಿದೆ.

ಕಿಟಕಿಯಿಂದ ಕಮಲಮ್ಮನ ಧ್ವನಿ ಬಂತು. "ಹಾಗಾದ್ರೆ ಆ ಎಣ್ಣೆ?"

"ಎಣ್ಣೆಗೆ ಇನ್ನೂ ಸ್ವಲ್ಪ ಟೈಮ್ ಬೇಕು ಕಮಲಮ್ಮ."

"ರೀ, ನಾನು ದೀಪಾವಳಿಯಿಂದ ಹಚ್ತಾ ಇದೀನಲ್ರೀ!"

ಮಹೇಶನಿಗೆ ನಗು ತಡೆಯಲಾಗಲಿಲ್ಲ. ಅವನ ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆ ಗಡಗಡ ನಡುಗಿತು. ಗಿರಿಜಾ ಚೌರಿಯನ್ನು ತಂದು ತೋರಿಸಿದಳು. ಹುಡುಗನ ತಾಯಿ ಅದನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಗಿರಿಜಾಳ ಕಡೆ ತಿರುಗಿದರು.

"ನಿನಗ ಗೊತ್ತಿತ್ತಲ್ಲವ್ವ, ಯಾಕ ಹೇಳಲಿಲ್ಲ?"

"ಎಲ್ಲರ ಎದುರಿಗೆ ಅತ್ತಿಗೆ ಮರ್ಯಾದೆ ಹೋಗ್ತಿತ್ತಲ್ಲ" ಎಂದಳು ಗಿರಿಜಾ ತಲೆ ತಗ್ಗಿಸಿ.

ಆಕೆ ಮತ್ತೆ ಸೋಫಾದಲ್ಲಿ ಕುಳಿತರು, ಎರಡೂ ಕಾಲು ನೆಲದ ಮೇಲಿಟ್ಟು. "ಇಂಥಾ ಸೊಸಿನ ನಮಗ ಬೇಕು. ಉಪ್ಪಿಟ್ಟು ಕೊಡ್ರಿ" ಎಂದರು. ಪರದೆಯೊಳಗಿಂದ ನನ್ನ ಯಜಮಾನರು ಹೊರಗೆ ಬಂದು, ಆ ಮಾತುಕತೆಯನ್ನೆಲ್ಲ ತಾವೇ ನಡೆಸಿದವರಂತೆ ಕೈ ಮುಗಿದರು.

ಸಂಜೆ ಎಲ್ಲರೂ ಹೋದ ಮೇಲೆ ಗಿರಿಜಾ ಬಾಚಣಿಗೆ ಹಿಡಿದು ಬಂದಳು. ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ, ಚೌರಿ ಇಲ್ಲದೆ, ಇದ್ದಷ್ಟೇ ಕೂದಲನ್ನು ಬಾಚಿ ಹೆಣೆಯತೊಡಗಿದಳು. ಇನ್ನು ಕೆಲವೇ ದಿನ, ಆಮೇಲೆ ಈ ಕೈ ಬೇರೆ ಮನೆಯದು ಎಂದು ನನಗೆ ದುಃಖ ಒತ್ತರಿಸಿ ಬಂತು. ಅವಳು ಜಡೆ ಹೆಣೆಯುವಷ್ಟು ಹೊತ್ತಾದರೂ ಬೆನ್ನು ತಿರುಗಿಸಿ ಕುಳಿತು ಸಮಾಧಾನವಾಗಿ ಅತ್ತುಬಿಡೋಣ ಎಂದು ಸೆರಗು ಕಣ್ಣಿಗೆ ಒತ್ತಿಕೊಂಡೆ.

"ಆಯ್ತು ಅತ್ತಿಗೆ, ಏಳಿ" ಎಂದಳು.

ಅಳಲು ಶುರು ಮಾಡುವ ಮೊದಲೇ ನನ್ನ ಜಡೆ ಮುಗಿದು ಹೋಗಿತ್ತು!