ಒಳಗಿನ ಕಂಪ್ಯೂಟರಿಗೆ ಎಷ್ಟು ಬಡಿಸಬೇಕು?

ಹೊಸ ಕಂಪ್ಯೂಟರ್ ಕೊಂಡವರೂ ಹಳೇ ಪ್ರೋಗ್ರಾಮನ್ನು ಬಿಡಲಾರರು. ಹೊಸದರಲ್ಲಿ ಅದು ಓಡದು. ಆಗ ನನ್ನನ್ನು ಕರೆಯುತ್ತಾರೆ. ಹೊಸದರ ಒಳಗೇ ಸಾಫ್ಟ್‌ವೇರಿನಿಂದ ಒಂದು ಪುಟ್ಟ ಹಳೇ ಕಂಪ್ಯೂಟರ್ ಕಟ್ಟಿಕೊಡುತ್ತೇನೆ. ವರ್ಚುಯಲ್ ಮಷೀನ್ ಅಂತಾರೆ. ಹೊರಗಿನದಕ್ಕೆ ತಾಕತ್ತಿದ್ದರೆ ಮಾತ್ರ ಒಳಗಿನದು ಓಡೀತು. ಇಷ್ಟನ್ನು ವಿವರಿಸಲು ಹೋದಲ್ಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ.

ಒಂದೇ ಒಲೆ

ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ಪುಟ್ಟ ಹೋಟೆಲ್ ಇಟ್ಟಿರುವ ಕುಂದಾಪುರದವರೊಬ್ಬರಿಗೆ ಹಳೇ ಬಿಲ್ಲಿಂಗ್ ಪ್ರೋಗ್ರಾಮೇ ಬೇಕು.

"ರ‍್ಯಾಮ್ ಸಾಲದು, ಅಂದರೆ ಕೆಲಸಕ್ಕೆ ಬೇಕಾದ ಮೆಮೊರಿ ಕಡಿಮೆ. ಹೊರಗಿನದು, ಒಳಗಿನದು ಎರಡೂ ಒಟ್ಟಿಗೆ ಓಡಿದರೆ ನಿಧಾನ ಆಗುತ್ತೆ," ಅಂದೆ.

"ಎಂತ ಮಾರಾಯ್ರೆ, ನನ್ನ ಹತ್ರ ಒಂದೇ ಒಲೆ. ಇಡ್ಲಿ, ಸಾಂಬಾರು ಎರಡೂ ಅದರಲ್ಲೇ."

"ಗಿರಾಕಿಗಳು?"

"ಕಾಯ್ತಾರೆ."

"ಈ ಕಂಪ್ಯೂಟರಿನ ಗಿರಾಕಿ ನೀವೇ."

ಅವರು ನಕ್ಕು ನನಗೊಂದು ಕಾಫಿ ಹೇಳಿದರು. ಅದಕ್ಕೂ ಕಾದೆ.

ಸ್ವಿಚ್ಚು

ಸೂರತ್ತಿನ ವರಾಛಾದಲ್ಲಿ ವಜ್ರ ಪಾಲಿಶ್ ಮಾಡಿಸುವ ಸೇಠ್ ಒಬ್ಬರ ಕಂಪ್ಯೂಟರ್ ಭರ್ಜರಿಯಾಗಿತ್ತು. ಆದರೂ ಒಳಗಿನದು ಏಳಲಿಲ್ಲ.

"ಒಳಗಿನದನ್ನು ಓಡಿಸೋ ಶಕ್ತಿ ಚಿಪ್‌ಗೆ ಇದೆ ಸೇಠ್. ಯಾರೋ ಆಫ್ ಮಾಡಿಟ್ಟಿದ್ದಾರೆ. ಸೆಟಿಂಗಿಗೆ ಹೋಗಿ ಆನ್ ಮಾಡಬೇಕು."

ಸೇಠ್ ಸೋಫಾದಲ್ಲಿ ಮೊಬೈಲ್ ಹಿಡಿದು ಮಲಗಿದ್ದ ತಮ್ಮನತ್ತ ಕೈ ತೋರಿಸಿದರು. "ಇವನಲ್ಲೂ ಬಹಳ ಶಕ್ತಿ ಇದೆ ಅಂತ ಜ್ಯೋತಿಷಿ ಹೇಳಿದ್ದ. ಇವನ ಸ್ವಿಚ್ ಎಲ್ಲಿದೆ, ಸ್ವಲ್ಪ ನೋಡಿ ಭಾಯ್."

ತಮ್ಮ ತಲೆ ಎತ್ತದೆ ಹೇಳಿದ: "ಪಾಸ್‌ವರ್ಡ್ ಅತ್ತಿಗೆ ಹತ್ತಿರ ಇದೆ."

ಬೀಗರ ಊಟ

ವಡೋದರಾದ ಮಾಂಜಲ್‌ಪುರದಲ್ಲಿ ಧಾರವಾಡದ ಹಿರಿಯರೊಬ್ಬರಿದ್ದಾರೆ; ಕಾಕು, ಅಂದರೆ ಚಿಕ್ಕಮ್ಮ, ಅಂತಲೇ ಕರೆಯುತ್ತೇನೆ. ರೈಲ್ವೆಯಲ್ಲಿದ್ದ ಅವರ ಯಜಮಾನರು ತೀರಿಕೊಂಡ ಮೇಲೆ ಅವರ ಹಳೇ ಕಂಪ್ಯೂಟರೂ ಕೆಡತೊಡಗಿತು. ಕಾಕುಗೆ ಬೇಕಿದ್ದದ್ದು ಅದರಲ್ಲಿದ್ದ ಇಟ್ಟಿಗೆ ಜೋಡಿಸುವ ಆಟ. ಅದರ ಅಂಕಪಟ್ಟಿಯಲ್ಲಿ ಯಜಮಾನರ ಹೆಸರೇ ಮೇಲೆ.

ಎಲ್ಲವನ್ನೂ ಹೊಸ ಲ್ಯಾಪ್‌ಟಾಪಿಗೆ ತಂದೆ. "ಹೊರಗಿನದು ಹೋಸ್ಟ್, ಒಳಗಿನದು ಗೆಸ್ಟ್, ಕಾಕೂ. ಗೆಸ್ಟಿಗೆ ರ‍್ಯಾಮಿನ ಕಾಲುಭಾಗ ಕೊಟ್ಟೀನಿ."

"ಕಾಲುಭಾಗ? ಮನಿಗೆ ಬೀಗರು ಬಂದ್ರ ಇಷ್ಟ ಬಡಸ್ತಾರೇನು?"

ಮರುದಿನವೇ ಫೋನು. "ತಮ್ಮಾ, ಇಬ್ರೂ ಮಲ್ಕೊಂಡ್ಬಿಟ್ಟಾರ!" ಹೋಗಿ ನೋಡಿದರೆ, ಕಾಕು ಸೆಟಿಂಗಿನಲ್ಲಿ ರ‍್ಯಾಮ್ ಹಂಚುವ ಗೆರೆಯನ್ನು ಕೊನೆಯವರೆಗೂ ಎಳೆದು ಎಲ್ಲವನ್ನೂ ಗೆಸ್ಟಿಗೇ ಬಡಿಸಿದ್ದರು.

"ಮನಿಯವರಿಗೂ ಒಂಚೂರು ಉಳಸ್ಬೇಕು ಕಾಕೂ," ಎಂದು ಸರಿಮಾಡಿದೆ. ಆಟ ತೆರೆಯಿತು. ಯಜಮಾನರ ಹೆಸರು ಕಂಡೊಡನೆ ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಹೆಸರಿನ ಬಾಜೂಕ ಅದೇನೋ ಬರದೈತಲ್ಲ?"

"ಬಿಗಿನರ್ ಅಂತ ಕಾಕೂ. ಹೊಸಬರು ಆಡೋ ಸುಲಭದ ಆಟ."

ಕಾಕು ಕನ್ನಡಕ ಏರಿಸಿ ದಿಟ್ಟಿಸಿದರು. "ಸುಲಭದ್ದಾ? ಈ ಅಂಕಿ ತೋರ್ಸಿ ತೋರ್ಸಿ ನನ್ನ ಕಡೆ ಎಷ್ಟು ಚಹಾ ಮಾಡಿಸ್ಕೊಂಡಾರ!" ನಗುತ್ತ ನಗುತ್ತ ಮತ್ತೆ ಕಣ್ಣು ಒದ್ದೆಯಾಯಿತು. ಆಮೇಲೆ ನನ್ನತ್ತ ತಿರುಗಿ ಕೇಳಿದರು: "ತಮ್ಮಾ, ಒಳಗ ಹೋಗಿ ಅವರ ಕೂಡ ಜಗಳಾ ಆಡ್ಬೇಕಂದ್ರ ಎಷ್ಟು ರ‍್ಯಾಮ್ ಬೇಕಾಗ್ತದ?"