ಹೋಗುವಾಗ ಎರಡು ತಾಸು, ಬರುವಾಗ ಐದು ತಾಸು

ಹೊನ್ನಾವರದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಟಿಕೆಟ್ ಬುಕಿಂಗ್ ಅಂಗಡಿ. ಬಸ್ಸಿನ ಟಿಕೆಟ್ ಮಾಡಿಸಿದವರು ಸುಮ್ಮನೆ ಹೋಗುತ್ತಾರೆ. ವಿಮಾನದ ಟಿಕೆಟ್ ಮಾಡಿಸಿದವರು ಮಾತ್ರ ಬಾಗಿಲ ತನಕ ಹೋಗಿ, ತಿರುಗಿ ಬಂದು ನನ್ನ ಮುಖ ನೋಡುತ್ತಾರೆ. ವಾರಕ್ಕೊಬ್ಬರಾದರೂ ನನ್ನನ್ನು ಕಳ್ಳನೆಂದು ತಿಳಿಯದಿದ್ದರೆ, ವ್ಯಾಪಾರ ಬಿದ್ದುಹೋಯಿತೇ ಎಂದು ನನಗೇ ಸಂಶಯ ಬರುತ್ತದೆ.

೧. ನಡುವೆ ನಿಲ್ಲದ ವಿಮಾನ

ಮಾವಳ್ಳಿಯ ಮೀನು ವ್ಯಾಪಾರಿಯೊಬ್ಬರು ಮಂಗಳೂರಿನಿಂದ ದುಬೈಗೆ ಟಿಕೆಟ್ ಮಾಡಿಸಿದರು.

"ಚಾಕ್ಕೆ ಎಲ್ಲಿ ನಿಲ್ಲಿಸ್ತಾರೆ?"

"ಎಲ್ಲೂ ಇಲ್ಲ. ಮೂರೂವರೆ ತಾಸು ಒಂದೇ ಸಮ."

"ಊಟ?"

"ಬೇಕಾದರೆ ಒಳಗೇ ಸಿಗುತ್ತದೆ."

ಅವರು ಎಲ್ಲ ಗೊತ್ತಾದವರಂತೆ ತಲೆಯಾಡಿಸಿದರು. "ಅದ್ಕೇ ನಿಲ್ಲಿಸೂದಿಲ್ಲ. ಇಳಿಸಿದ್ರೆ ಜನ ಬೇರೆ ಹೋಟೆಲಿಗೆ ಹೋಗ್ತಾರಲ್ಲ."

೨. ದೂರದ ತಮ್ಮ

ಭಟ್ಕಳದ ಕಡೆಯ ಒಬ್ಬ ಹೆಂಗಸು ಮೊದಲ ಸಲ ದುಬೈಯ ತಮ್ಮನ ಮನೆಗೆ ಹೊರಟಿದ್ದರು. ಮಂಗಳೂರಿಗೆ ಕಾರಿನಲ್ಲಿ ಮೂರು ತಾಸು, ಅಲ್ಲಿಂದ ದುಬೈಗೆ ಮೂರೂವರೆ ಎಂದೆ.

"ಅಷ್ಟೇಯಾ?" ಎಂದವರೇ ಫೋನು ತೆಗೆದು, ನನ್ನೆದುರಿಗೇ ತಮ್ಮನಿಗೆ ಹಚ್ಚಿದರು. "ದೂರ ದೂರ ಅಂತ ಮೂರು ವರ್ಷ ಹಬ್ಬಕ್ಕೆ ಬರಲಿಲ್ಲಲ್ಲ ನೀನು, ಖರೆ ಹೇಳು, ಎಂತ ಕತೆ?"

೩. ಮಾಸ್ತರರ ಲೆಕ್ಕ

ಕುಮಟೆಯ ನಿವೃತ್ತ ಗಣಿತದ ಮಾಸ್ತರರು ಬಂದರು. ಮಗಳಿಗೆ ದುಬೈಯಲ್ಲಿ ಹೆರಿಗೆ. ಹೆರಿಗೆಯ ಹೊತ್ತಿಗೆ ಮಗಳ ಪಕ್ಕದಲ್ಲಿರಬೇಕು, ಅದೊಂದೇ ಅವರ ಹೆಂಡತಿಯ ಆಸೆ. ಟಿಕೆಟ್ ನೋಡಿದ ಮಾಸ್ತರರ ಹುಬ್ಬು ಗಂಟಾಯಿತು. ಒಂಬತ್ತಕ್ಕೆ ಹೊರಟರೆ ಹನ್ನೊಂದಕ್ಕೆ ಇಳಿಯುವುದು. ಬರುವಾಗ ಹನ್ನೆರಡಕ್ಕೆ ಹತ್ತಿ, ಸಂಜೆ ಐದಕ್ಕೆ ಇಳಿಯುವುದು.

"ಹೋಗೂಕೆ ಎರಡು ತಾಸು, ಬರೂಕೆ ಐದು ತಾಸು. ದಾರಿ ಒಂದೇ ಅಲ್ದಾ?"

"ಎರಡೂ ಮೂರೂವರೆ ತಾಸೇ ಸರ್. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ."

ಅವರು ನನ್ನನ್ನು ಕೊನೆಯ ಬೆಂಚಿನ ಹುಡುಗನನ್ನು ನೋಡುವಂತೆ ನೋಡಿದರು. "ನನ್ನ ಕ್ಲಾಸಲ್ಲೂ ತಪ್ಪು ಉತ್ತರ ಬಂದವ್ರೆಲ್ಲ ಗಡಿಯಾರದ ಮೇಲೇ ಹಾಕ್ತಿದ್ರು."

೪. ಕೆಂಪು ಶಾಯಿ

ಮನೆಗೆ ಹೋದ ಮಾಸ್ತರರು ಕೆಂಪು ಪೆನ್ನಿನಿಂದ ಟಿಕೆಟ್ಟಿನಲ್ಲಿದ್ದ ಹನ್ನೊಂದನ್ನು ಹೊಡೆದು ಹಾಕಿ, ಒಂಬತ್ತಕ್ಕೆ ಮೂರೂವರೆ ಕೂಡಿಸಿ ಹನ್ನೆರಡೂವರೆ ಎಂದು ಬರೆದರು. ಅದರ ಫೋಟೋ ಅಳಿಯನಿಗೆ ಕಳಿಸಿ, ಆ ಹೊತ್ತಿಗೇ ವಿಮಾನ ನಿಲ್ದಾಣಕ್ಕೆ ಬಾ ಎಂದರು. ನನಗೆ ಇದೊಂದೂ ತಿಳಿದಿರಲಿಲ್ಲ.

ವಿಮಾನ ಅಲ್ಲಿಯ ಹನ್ನೊಂದಕ್ಕೇ ಇಳಿಯಿತು. ಊರಿನ ಸಿಮ್ಮು ಅಲ್ಲಿ ನಡೆಯಲಿಲ್ಲ. ದಂಪತಿ ಒಂದೂವರೆ ತಾಸು ಟ್ರಂಕಿನ ಮೇಲೆ ಕೂತರು. ಮಗಳನ್ನು ಅವತ್ತೇ ಬೆಳಿಗ್ಗೆ ಆಸ್ಪತ್ರೆಗೆ ಸೇರಿಸಿದ್ದರು. ಹನ್ನೆರಡೂವರೆಗೆ ಸರಿಯಾಗಿ ಬಂದ ಅಳಿಯನ ಜೊತೆ ಇವರು ಆಸ್ಪತ್ರೆಗೆ ಮುಟ್ಟುವಾಗ, ಮೊಮ್ಮಗಳು ಹುಟ್ಟಿ ಕಾಲು ತಾಸಾಗಿತ್ತು.

ಈ ಸುದ್ದಿ ಊರಿಗೆ ಮುಟ್ಟಿದ ಕೂಡಲೇ ನಾನು ಅಳಿಯನಿಗೆ ಫೋನು ಹಚ್ಚಿದೆ. "ದುಬೈಯಲ್ಲೇ ಇರುವವರು ನೀವು. ನಿಮಗೂ ಗೊತ್ತಾಗಲಿಲ್ಲವೇ?"

"ಗೊತ್ತಾಗಿತ್ತು," ಎಂದ ಅವನ ದನಿ ಸಣ್ಣದಾಯಿತು. "ಆದ್ರೆ ನಾ ಶಾಲೇಲಿ ಅವ್ರ ಕೈಯಲ್ಲೇ ಕಲ್ತವ. ಕೆಂಪು ಶಾಯಿಯಲ್ಲಿ ತಿದ್ದಿದ್ರು."

ಬಾಣಂತನ ಮುಗಿಯುತ್ತ ಬಂದಾಗ ಮಾಸ್ತರರ ಹೆಂಡತಿಯೇ ಫೋನು ಮಾಡಿದರು. ಬೈಯುತ್ತಾರೆಂದು ಹೆದರುತ್ತಲೇ ಎತ್ತಿದೆ.

"ತಮಾ, ಬರೂ ಟಿಕೆಟ್ ಬದ್ಲಿಸಿ ಬೇರೆ ಬೇರೆ ಮಾಡು. ನಂಗೆ ಮೂರೂವರೆ ತಾಸಿನ ವಿಮಾನ. ಅವ್ರಿಗೆ ಅವ್ರ ಐದು ತಾಸಿಂದೇ ಇರ್ಲಿ. ಒಂದೂವರೆ ತಾಸಾದ್ರೂ ಮನೇಲಿ ನಾ ಆರಾಮ ಇರ್ತೆ."