ಮೂರು ಟಿಕೆಟ್ ಕೊಡಬಾರದ ಮಷೀನು

ನಮ್ಮ ಕಡೆ ಹೊರಟು ನಿಂತವರನ್ನು ‘ಎಲ್ಲಿಗೆ?’ ಎಂದು ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಟ್ಟಿತೆಂದೇ ಲೆಕ್ಕ. ತೀರಾ ತಡೆಯಲಾರದವರು ‘ದೂರ ಹೊರಟ್ರಾ?’ ಎನ್ನುತ್ತಾರೆ. ಹೊರಟವರು ‘ಹೂಂ, ಇಲ್ಲೇ’ ಎನ್ನುತ್ತಾರೆ. ಕೇಳಿದವರಿಗೂ ಏನೂ ತಿಳಿಯುವುದಿಲ್ಲ, ಹೇಳಿದವರೂ ಏನೂ ಹೇಳಿರುವುದಿಲ್ಲ, ಆದರೂ ಇಬ್ಬರಿಗೂ ಮಾತಾಡಿದ ಸಮಾಧಾನ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳುವವನು, ಇದನ್ನೆಲ್ಲ ನಂಬುವುದಿಲ್ಲ. ನಂಬುವುದಿಲ್ಲ ಎಂದು ತರಗತಿಯಲ್ಲಿ ಗಟ್ಟಿಯಾಗಿ ಹೇಳುತ್ತೇನೆ. ಮನೆಯಲ್ಲಿ ಅವ್ವನ ಎದುರು ಹೇಳುವಷ್ಟು ಧೈರ್ಯವನ್ನು ವಿಜ್ಞಾನ ನನಗೆ ಇನ್ನೂ ಕೊಟ್ಟಿಲ್ಲ.

ಹೀಗಿರುವಾಗ ರೈಲಿನವರು ದೊಡ್ಡ ಸ್ಟೇಷನ್ನುಗಳಲ್ಲಿ ಟಿಕೆಟ್ ಕೊಡುವ ಮಷೀನು ತಂದು ನಿಲ್ಲಿಸಿದರು. ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿದ್ದ ಕಾಲದ ಮಾತು. ಕೌಂಟರಿನ ಸಾಲಿನಲ್ಲಿ ನಿಂತು ಬೆವರಬೇಕಾಗಿಲ್ಲ, ಒಂದು ಕಾರ್ಡು ಇಟ್ಟು ಗಾಜಿನ ಮೇಲೆ ಬೆರಳಾಡಿಸಿದರೆ ಸಾಕು, ಟಿಕೆಟ್ಟು ಹೊರಗೆ ಬರುತ್ತದೆ. ಆ ಕಾರ್ಡನ್ನು ನಾನು ಮೊದಮೊದಲಲ್ಲೇ ಕೊಂಡೆ. ನನ್ನ ವಾಸ ನಂಜನಗೂಡಿನಲ್ಲಿ, ಕೆಲಸ ತಿ. ನರಸೀಪುರದಲ್ಲಿ. ನರಸೀಪುರಕ್ಕೆ ರೈಲೇ ಇಲ್ಲ, ದಿನಾ ಓಡಾಡುವುದು ಬಸ್ಸಿನಲ್ಲಿ. ಆದರೂ ರೈಲಿನ ಕಾರ್ಡು ಕೊಂಡೆ ಎಂದರೆ ಅದು ಅಗತ್ಯಕ್ಕಲ್ಲ, ವಿಜ್ಞಾನದ ಮೇಷ್ಟ್ರಾದವನು ಹೊಸತನ್ನು ಮೊದಲು ಮುಟ್ಟಬೇಕೆಂಬ ಹುಮ್ಮಸ್ಸಿಗೆ. ಸ್ಟಾಫ್ ರೂಮಿನಲ್ಲಿ ಅದನ್ನು ಕೈಯಿಂದ ಕೈಗೆ ದಾಟಿಸಿದೆ. ಡ್ರಾಯಿಂಗ್ ಮೇಷ್ಟ್ರು ಹಿಂದೆ ಮುಂದೆ ತಿರುಗಿಸಿ ನೋಡಿ, ಇದನ್ನು ಸೋಸಲೆ ಬಸ್ಸಿನ ಕಂಡಕ್ಟರಿಗೆ ತೋರಿಸಿದರೆ ಏನಾಗುತ್ತದೆ ಎಂದು ವಿಚಾರಿಸಿದರು. ನಾನು ಕಾರ್ಡನ್ನು ಅವರ ಕೈಯಿಂದ ಇಸಿದುಕೊಂಡು ಜೇಬಿಗಿಟ್ಟೆ.

ಕಾರ್ಡನ್ನು ಉಪಯೋಗಿಸುವ ಸಂದರ್ಭ ಬಂದದ್ದು ನನ್ನ ತಂಗಿ ಗಿರಿಜೆಯ ಮದುವೆಯ ಮಾತಿನಲ್ಲಿ. ಗಿರಿಜೆ ನರಸೀಪುರದ ದಾರಿಯ ಹಳ್ಳಿಯೊಂದರಲ್ಲಿ ಪ್ರೈಮರಿ ಸ್ಕೂಲಿನ ಟೀಚರು, ಆಗ ಮೂವತ್ತೈದು ದಾಟಿತ್ತು. ಬಂದ ಸಂಬಂಧಗಳೆಲ್ಲ ಹೊಸಿಲ ತನಕ ಬಂದು ತಿರುಗಿ ಹೋಗಿದ್ದವು. ಒಂದೊಂದು ಯಾಕೆ ತಪ್ಪಿತು ಎಂಬುದಕ್ಕೂ ಅವ್ವನ ಬಳಿ ಕಾರಣವಿತ್ತು. ಒಂದಕ್ಕೆ ಬೆಕ್ಕು, ಒಂದಕ್ಕೆ ಎದುರುಮನೆಯವರ ಸೀನು. ಎಲ್ಲಕ್ಕಿಂತ ಮೊದಲ ಸಂಬಂಧ, ಅವ್ವನಿಗೆ ತುಂಬಾ ಮನಸ್ಸಿದ್ದ ಸಂಬಂಧ, ತಪ್ಪಿದ್ದು ಮಾತ್ರ ನಮ್ಮವರಿಂದಲೇ. ಅಂದು ಅಪ್ಪ, ಅವ್ವ, ಸೋದರಮಾವ ಮೂರೇ ಜನ ಹೋಗಿದ್ದರು. ಒಳ್ಳೆಯ ಕೆಲಸಕ್ಕೆ ಮೂರು ಜನ ಹೋಗಬಾರದು. ಇದು ಎಲ್ಲರಿಗೂ ಗೊತ್ತಿರುವ ಸಂಗತಿ, ಅಂದು ಅವಸರದಲ್ಲಿ ಮರೆತಿದ್ದರು. ಅಪ್ಪ ತೀರಿಹೋಗುವ ತನಕ ಆ ಮರೆವನ್ನು ಅವ್ವ ಅವರಿಗೆ ನೆನಪಿಸುತ್ತಲೇ ಇದ್ದಳು.

ಪಾಪ, ಅಪ್ಪ ಆ ತಪ್ಪನ್ನು ಮತ್ತೆ ಮಾಡಲಿಲ್ಲ. ಆಗಿನ್ನೂ ನಮ್ಮೂರಿಗೆ ಮೀಟರ್ ಗೇಜಿನ ಪುಟ್ಟ ರೈಲು ಬರುತ್ತಿತ್ತು, ರಟ್ಟಿನ ಟಿಕೆಟ್ಟು ಕೊಡುತ್ತಿದ್ದರು. ಎಲ್ಲಿಗಾದರೂ ಮೂರು ಜನ ಹೊರಡಬೇಕಾಗಿ ಬಂದರೆ ಅಪ್ಪ ಕೌಂಟರಿನಲ್ಲಿ ಎರಡು ಟಿಕೆಟ್ ತೆಗೆದುಕೊಂಡು, ಅಲ್ಲೇ ಇನ್ನೊಂದು ಕೇಳದೆ, ಸಾಲಿನ ಕೊನೆಗೆ ಹೋಗಿ ನಿಂತು, ಮತ್ತೆ ಅಷ್ಟೂ ಹೊತ್ತು ಕಾದು, ಒಂದು ಟಿಕೆಟ್ ತರುತ್ತಿದ್ದರು. ಇಬ್ಬರು ಒಂದು ಗುಂಪು, ಆ ಒಬ್ಬರು ಯಾರೋ ಬೇರೆ. ಆ ಒಂಟಿ ಟಿಕೆಟ್ಟನ್ನು ತಾವೇ ಇಟ್ಟುಕೊಳ್ಳುತ್ತಿದ್ದರು. ಆಗಷ್ಟೇ ಮೇಷ್ಟ್ರಾಗಿದ್ದ ನಾನು ನಕ್ಕಿದ್ದುಂಟು. ದೇವರಿಗೆ ಅಷ್ಟು ಸುಲಭವಾಗಿ ಟೋಪಿ ಹಾಕಬಹುದೇ ಎಂದು ಕೇಳಿದ್ದೆ. ಹಾಕಿದ ಹಾಗೆ ಇರಬೇಕು, ಅಷ್ಟೇ, ಅವನೂ ಹಾಕಿಸಿಕೊಂಡ ಹಾಗೆ ಇರುತ್ತಾನೆ ಎಂದಿದ್ದರು.

ಈ ಸಲದ ಸಂಬಂಧ ಅರಸೀಕೆರೆಯದು. ಹುಡುಗ ಎನ್ನಲು ಬಾಯಿ ಬರುವುದಿಲ್ಲ, ಅವರಿಗೆ ನಲವತ್ತಾಗಿತ್ತು. ಶಿವಸ್ವಾಮಿ ಅಂತ, ಕೊಬ್ಬರಿ ವ್ಯಾಪಾರ, ಮೊದಲ ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರು ಬಂದು ಗಿರಿಜೆಯನ್ನು ನೋಡಿ ಒಪ್ಪಿ ಹೋಗಿದ್ದರು. ಇನ್ನು ನಮ್ಮ ಕಡೆಯವರು ಹೋಗಿ ಮನೆ ನೋಡಿಕೊಂಡು ಬರುವ ಶಾಸ್ತ್ರ ಉಳಿದಿತ್ತು. ಅವ್ವ, ನಾನು, ಸೋದರಮಾವ, ಮಾವನ ಹೆಂಡತಿ, ಹೀಗೆ ನಾಲ್ವರು ಎಂದು ಅವ್ವ ತೀರ್ಮಾನಿಸಿದ್ದಳು. ಹಿಂದಿನ ದಿನ ಮಾವನಿಗೆ ಸೊಂಟ ಹಿಡಿದುಕೊಂಡಿತು, ಅತ್ತೆ ಅವರ ಸೊಂಟಕ್ಕೆ ಎಣ್ಣೆ ತಿಕ್ಕಲು ಉಳಿದರು. ನನ್ನ ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಆಗ ಗಿರಿಜೆ ತಾನೇ ಬರುವುದಾಗಿ ಹೇಳಿದಳು. ಮದುವೆಯಾಗುವ ಹೆಣ್ಣು ತಾನೇ ಹೋಗಿ ಮನೆ ನೋಡುವುದು ಎಲ್ಲಾದರೂ ಉಂಟೇ ಎಂದು ಅವ್ವ ಗಾಬರಿಯಾದಳು. “ಅಲ್ಲಿ ಇರೋಳು ನಾನು, ನೋಡೋಳೂ ನಾನೇ” ಎಂದಳು ಗಿರಿಜೆ. ಅವಳು ತರಗತಿಯಲ್ಲಿ ಮಕ್ಕಳನ್ನು ಹೇಗೆ ಸುಮ್ಮನಿರಿಸುತ್ತಾಳೆ ಎಂಬುದು ನನಗೆ ಅಂದು ತಿಳಿಯಿತು.

ಹಾಗಾಗಿ ಮತ್ತೆ ಮೂರೇ ಜನ. ಇದಕ್ಕೆ ಪರಿಹಾರ ಇಲ್ಲದೆ ಇಲ್ಲ, ಒಂದು ಕಲ್ಲನ್ನು ಜೊತೆಗೆ ಇಟ್ಟುಕೊಂಡರೆ ಅದೇ ನಾಲ್ಕನೆಯವರು. ಅವ್ವ ಬೆಳಗ್ಗೆಯೇ ಕಪಿಲೆಗೆ ಹೋಗಿ ಮುಳುಗಿ, ನುಣ್ಣನೆಯ ಒಂದು ಕಲ್ಲು ಆರಿಸಿ ತಂದು, ವಿಭೂತಿ ಹಚ್ಚಿ, ವೈರ್ ಬ್ಯಾಗಿನಲ್ಲಿ ಎಲೆ ಅಡಿಕೆಯ ಪಕ್ಕ ಕೂರಿಸಿದಳು. ಮೈಸೂರಿನ ತನಕ ಬಸ್ಸಿನಲ್ಲಿ ಹೋದೆವು. ಕಂಡಕ್ಟರು ಮೂರು ಟಿಕೆಟ್ ಹರಿದನಲ್ಲ ಎಂದು ನಾನು ಕೆಣಕಿದೆ. ಮೈಸೂರಿನ ತನಕ ಹೋಗುವುದು ಪ್ರಯಾಣವಲ್ಲ, ಅಲ್ಲಿಂದಾಚೆಗೆ ಪ್ರಯಾಣ ಎಂದಳು ಅವ್ವ. ಅವಳ ಶಾಸ್ತ್ರದಲ್ಲಿ ಎಲ್ಲಕ್ಕೂ ಜಾಗವಿದೆ.

ಸ್ಟೇಷನ್ನಿನಲ್ಲಿ ಕೌಂಟರುಗಳ ಮುಂದೆ ಸಾಲು ಬಾಗಿಲಾಚೆಗೆ ಹೋಗಿತ್ತು, ಮಷೀನಿನ ಮುಂದೆ ಒಬ್ಬರೂ ಇರಲಿಲ್ಲ. ನನ್ನ ಹುರುಪು ಕೇಳಬೇಕೆ. ಅವ್ವನನ್ನೂ ಗಿರಿಜೆಯನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು, ಜೇಬಿನಿಂದ ಕಾರ್ಡು ತೆಗೆದು ಇಟ್ಟೆ. ಮಷೀನು ಎಚ್ಚರವಾಗಿ ಮೊದಲಿಗೆ ಕೇಳಿದ್ದು ಎಲ್ಲಿಗೆ ಎಂದು. ನಾನು ಅದನ್ನು ಓದಿ ಹೇಳಬಾರದಾಗಿತ್ತು, ಪಾಠ ಹೇಳಿ ಅಭ್ಯಾಸ, ಓದಿ ಹೇಳಿಬಿಟ್ಟೆ. ಅವ್ವ ತಟ್ಟನೆ ಮೂರು ಹೆಜ್ಜೆ ಹಿಂದೆ ಹೋಗಿ, ಸ್ವಲ್ಪ ಹೊತ್ತು ಕೂತು ನೀರು ಕುಡಿದು ಹೊಸದಾಗಿ ಹೊರಟು ಬರೋಣ ಎಂದಳು. ಕೂತೆವು, ನೀರು ಕುಡಿದೆವು, ಹೊಸದಾಗಿ ಹೊರಟು ಮಷೀನಿನ ಮುಂದೆ ಬಂದೆವು. ಅಷ್ಟರಲ್ಲಿ ನಮ್ಮ ಹಿಂದೆ ಹತ್ತಾರು ಜನ ಸೇರಿದ್ದರು. ಈ ಸಲ ನಾನು ತುಟಿ ಎರಡು ಮಾಡದೆ ಊರು ಆರಿಸಿದೆ, ಎಷ್ಟು ಜನ ಎಂಬಲ್ಲಿ ಮೂರು ಒತ್ತಿದೆ. ಅವ್ವನಿಗೆ ಅಕ್ಷರ ಬಾರದು, ಆದರೆ ಅಂಕಿ ಚೆನ್ನಾಗಿ ಬರುತ್ತದೆ.

“ಅದ್ಯಾಕಪ್ಪ ಮೂರು ಅಂತ ಬತ್ತಾ ಅದೆ? ನಾವು ನಾಕು ಜನ ಅಲ್ವಾ?” ಎಂದಳು.

ಕಲ್ಲಿಗೆ ಟಿಕೆಟ್ ಬೇಡ ಎಂದು ಮೆಲ್ಲಗೆ ವಿವರಿಸಿದೆ. ಟಿಕೆಟ್ ಇಲ್ಲದ ಮೇಲೆ ಅದು ಬಂದ ಹಾಗೆ ಹೇಗಾಗುತ್ತದೆ, ಮೂರು ಎಂದು ಕಾಗದದ ಮೇಲೆ ಅಚ್ಚಾಗುತ್ತದಲ್ಲ, ಅದನ್ನು ಹಿಡಿದುಕೊಂಡು ಆ ಮನೆಗೆ ಹೋಗುವುದೇ ಎಂದು ಅವ್ವ ಕೇಳಿದಳು. ಹಿಂದಿದ್ದವರಿಗೆ ವಿಷಯ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ರುಮಾಲು ಸುತ್ತಿದ್ದ ಒಬ್ಬರು ಬಗ್ಗಿ ಬ್ಯಾಗಿನೊಳಗೆ ನೋಡಿ, “ಸಣ್ಣ ಕಲ್ಲು ಅಲ್ವಾ ಸಾ, ಆಪ್ ಟಿಕೀಟ್ ಒತ್ತಿ” ಎಂದರು. ಅವ್ವನಿಗೆ ಅದು ನ್ಯಾಯವಾಗಿ ಕಂಡಿತು. ನಾನು ಕಲ್ಲನ್ನು ಮಗು ಎಂದು ಸರ್ಕಾರಕ್ಕೆ ಸುಳ್ಳು ಹೇಳಲಾರೆ ಎಂದೆ. ಈ ತತ್ವದ ಚರ್ಚೆ ಮುಗಿಯುವುದರೊಳಗೆ ಮಷೀನು ಬೇಸತ್ತು ಮೊದಲಿಗೆ ಹೋಗಿ, ಮತ್ತೆ ಎಲ್ಲಿಗೆ ಎಂದು ಕೇಳತೊಡಗಿತು. ಹಿಂದಿನವರು ಗೊಣಗಿದರು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಆಗ ಅಪ್ಪನ ಉಪಾಯ ನೆನಪಾಯಿತು. ಎರಡು ಬೇರೆ, ಒಂದು ಬೇರೆ. ಅವ್ವ ಒಪ್ಪಿದಳು. ಆದರೆ ಆ ಒಂದು ಯಾರದು? ನನ್ನದು ಎಂದೆ. ಹೆಂಡತಿ ಮಕ್ಕಳಿರುವವನಿಗೆ ಒಂಟಿ ಟಿಕೆಟ್ ಬೇಡ ಎಂದಳು. ಗಿರಿಜೆ, ನನಗೇ ತೆಗಿ ಅಣ್ಣ, ನರಸೀಪುರದ ಬಸ್ಸಿನಲ್ಲಿ ದಿನಾ ಒಂದೇ ತಾನೇ ತಗೊಳ್ಳೋದು ಎಂದಳು. ಅವಳು ತಮಾಷೆಗೇ ಹೇಳಿದ್ದು. ಅವ್ವನ ಮುಖ ಬಿಳಿಚಿಕೊಂಡಿತು. ಗಿರಿಜೆಯ ಕೈಯನ್ನು ಹಿಡಿದು ನನ್ನ ಕೈಗೆ ತಾಗುವಂತೆ ಎಳೆದು ನಿಲ್ಲಿಸಿ ಹೇಳಿದಳು: “ಆ ಒಂದು ನಂದು ತಗಿ. ನಂಗೆ ಎಂಗೂ ಇನ್ನು ಒಂದೇಯ.”

ಇಷ್ಟು ಹೊತ್ತು ನಾನು ಅಂಕಿಗಾಗಿ ವಾದ ಮಾಡುತ್ತಿದ್ದೆ, ಅವ್ವ ಮಗಳಿಗಾಗಿ ಮಾಡುತ್ತಿದ್ದಳು. ನನಗೆ ನಾಚಿಕೆಯಾಯಿತು. ಎರಡು ತೆಗೆದೆ, ಆಮೇಲೆ ಒಂದು ತೆಗೆದೆ. ಆ ಒಂದನ್ನು ಅವ್ವ ಎರಡು ಸಲ ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಓಡಿ ರೈಲು ಹತ್ತಿದೆವು.

ಅರಸೀಕೆರೆಯಲ್ಲಿ ಶಿವಸ್ವಾಮಿ ಮೊದಲು ಅಡುಗೆಮನೆ ತೋರಿಸಿದರು. ಕೊಬ್ಬರಿ ಚೀಲಗಳ ವಾಸನೆ ಮನೆ ತುಂಬಾ ಇತ್ತು. ಗಿರಿಜೆ ಎಲ್ಲವನ್ನೂ ನೋಡಿ, ಸಂಜೆ ಕೂತು ಓದುವುದಕ್ಕೆ ಬೆಳಕು ಎಲ್ಲಿ ಬರುತ್ತದೆ ಎಂದು ಕೇಳಿದಳು. ಅವರು ಸ್ವಲ್ಪ ಯೋಚಿಸಿ, ಈ ಗೋಡೆಯಲ್ಲಿ ಒಂದು ಕಿಟಕಿ ಇಡಿಸಬಹುದು ಎಂದರು. ಬರುವಾಗ ರೈಲಿನಲ್ಲಿ ಗಿರಿಜೆ ತನಗೆ ಒಪ್ಪಿಗೆ ಎಂದಳು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು, ಹಾಸನ ಬರುವ ತನಕ.

ಮದುವೆಯಾಯಿತು. ಗಿರಿಜೆಗೆ ಆ ಕಡೆ ವರ್ಗಾವಣೆ ಸಿಗುವವರೆಗೆ ಕೆಲವು ತಿಂಗಳು ನಮ್ಮಲ್ಲೇ ಇದ್ದಳು. ಕಡೆಗೆ ಸಂಸಾರ ಹೂಡಲು ಹೊರಡುವ ದಿನ ಬಂತು, ಶಿವಸ್ವಾಮಿ ಕರೆದೊಯ್ಯಲು ಬಂದರು. ನಾನೂ ಅವ್ವನೂ ಮೈಸೂರಿನ ತನಕ ಕಳಿಸಿಬರಲು ಹೋದೆವು. ಅದೇ ಸ್ಟೇಷನ್ನು, ಅದೇ ಮಷೀನು. ಈ ಸಲ ಯಾವ ತೊಡಕೂ ಇರಲಿಲ್ಲ. ಎರಡು ಎಂಬ ಅಂಕಿಯನ್ನು ನೋಡಿ ಅವ್ವ ಮಷೀನಿಗೇ ನಂಜುಂಡೇಶ್ವರ ಒಳ್ಳೆಯದು ಮಾಡಲಿ ಎನ್ನುವ ಹಾಗೆ ನಿಂತಿದ್ದಳು.

ಆಮೇಲೆ ಮಷೀನು ಇನ್ನೊಂದು ಪ್ರಶ್ನೆ ಕೇಳಿತು. ಹೋಗಲು ಮಾತ್ರವೇ, ಹೋಗಿ ಬರಲೂ ಬೇಕೇ? ಹಿಂದಿನ ಸಲದ ಗದ್ದಲದಲ್ಲಿ ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ನಾನು ತಿರುಗಿ ನೋಡಿದೆ. ಗಿರಿಜೆ ತನ್ನ ಟ್ರಂಕಿನ ಮೇಲೆ ಕೂತು, ಸ್ಕೂಲಿಗೆ ಹೊರಟ ದಿನಗಳ ಹಾಗೆಯೇ, ಕೈಗಡಿಯಾರಕ್ಕೆ ಕೀ ಕೊಡುತ್ತಿದ್ದಳು. ಇಷ್ಟು ವರ್ಷ ಅವಳು ಯಾವಾಗ ಹೋಗುತ್ತಾಳೆ ಎಂದು ಊರೇ ಕೇಳಿತ್ತು, ನಾನೂ ಮನಸ್ಸಿನಲ್ಲಿ ಕೇಳಿಕೊಂಡಿದ್ದೆ. ಈಗ ‘ಹೋಗಲು ಮಾತ್ರ’ ಎಂಬುದರ ಮೇಲೆ ಬೆರಳಿಡಲು ನನ್ನಿಂದ ಆಗಲಿಲ್ಲ. ಹೋಗಿ ಬರಲು ಎಂದೇ ಒತ್ತಿದೆ.

ವ್ಯಾಪಾರಸ್ಥರು ಚೀಟಿಯನ್ನು ಓದದೆ ಜೇಬಿಗಿಡುವುದಿಲ್ಲ. ಶಿವಸ್ವಾಮಿ ಕನ್ನಡಕ ಏರಿಸಿ ನೋಡಿ, “ಇದು ವಾಪಸ್ ಬರೋದೂ ಸೇರಿರೋ ಟಿಕೆಟ್ ಅಲ್ವಾ ಮೇಷ್ಟ್ರೇ?” ಎಂದರು.

ಅವ್ವ ಎದೆ ಹಿಡಿದುಕೊಂಡಳು. “ಗಂಡನ ಮನೆಗೆ ಓಗೋ ಎಣ್ಣಿಗೆ ವಾಪಸ್ ಟಿಕೀಟ್ ತಗೀತಾರೇನ್ಲಾ?”

ಅದಕ್ಕೆ ನಾನು ನಿಜ ಹೇಳಬಹುದಾಗಿತ್ತು. ತಂಗಿ ಹೋಗುವುದು ನನಗೆ ಇಷ್ಟೊಂದು ಕಷ್ಟವಾಗುತ್ತದೆಂದು ಇಂದಿನ ತನಕ ಗೊತ್ತಿರಲಿಲ್ಲ ಎನ್ನಬಹುದಾಗಿತ್ತು. ನಾನು ಹಾಗೆ ಹೇಳಲಿಲ್ಲ. ನಾನು ಒತ್ತಿದ್ದೇ ಬೇರೆ, ಮಷೀನು ತಾನಾಗಿಯೇ ಹೀಗೆ ಕೊಟ್ಟುಬಿಟ್ಟಿತು ಎಂದೆ. ಬದಲಾಯಿಸಿಕೊಂಡು ಬರುತ್ತೇನೆ ಎಂದು ಕೈ ಚಾಚಿದೆ.

ಗಿರಿಜೆ ಎದ್ದು ಬಂದು ಗಂಡನ ಕೈಯಿಂದ ಟಿಕೆಟ್ ತೆಗೆದುಕೊಂಡಳು. ನನ್ನ ಮುಖವನ್ನು ಒಂದು ಸಲ ನೋಡಿದಳು. “ಇರಲಿ ಬಿಡಣ್ಣ,” ಎಂದಳು. “ಮಷೀನಿಗಾದ್ರೂ ನಾನು ವಾಪಸ್ ಬರಲಿ ಅನ್ನಿಸ್ತಲ್ಲ.”

ರೈಲು ಹೋಯಿತು. ನಂಜನಗೂಡಿಗೆ ಬರುವ ಬಸ್ಸಿನಲ್ಲಿ ಅವ್ವ ಪಕ್ಕದ ಸೀಟಿನ ಹೆಂಗಸಿಗೆ ಆ ಮಷೀನಿನ ಅವಿವೇಕವನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು. ಹೆಣ್ಣು ಮಗಳನ್ನು ಕಳಿಸಿಕೊಡುವ ಹೊತ್ತಿನಲ್ಲಿ ಏನು ಕೊಡಬೇಕು ಏನು ಕೊಡಬಾರದು ಎಂಬ ಪರಿಜ್ಞಾನ ಬೇಡವೇ, ಅದಕ್ಕೇನು ಅಕ್ಕತಂಗಿಯರಿದ್ದಾರೆಯೇ ಎಂದಳು. ಅವರಿಬ್ಬರೂ ಸೇರಿ ಅದಕ್ಕೆ ಚೆನ್ನಾಗಿ ಬೈದರು. ವಿಜ್ಞಾನದ ಮೇಷ್ಟ್ರು ಕಿಟಕಿಯ ಕಡೆ ಮುಖ ಮಾಡಿಕೊಂಡು ಪ್ರತಿಯೊಂದು ಬೈಗುಳಕ್ಕೂ ಹೂಂಗುಟ್ಟುತ್ತಾ ಬಂದರು.